ಜೀವಕೋಶ ಬೆಳೆಯುವುದು, ಸಾಯುವುದು ಯಾರ ಆಜ್ಞೆಯಿಂದ?

ಜೀವಕೋಶ ಸಾಯುತ್ತದೆ ಎಂದರೆ ಹೆದರಬೇಡಿ. ಕಿನ್ನಾಳದ ಚಿತ್ರಗಾರರು ಬೊಂಬೆಯ ಬೆರಳು ಬಿಡಿಸಲು ನಡುವಿನ ಕಟ್ಟಿಗೆಯನ್ನು ಕೆತ್ತಿ ತೆಗೆಯುತ್ತಾರೆ. ಗರ್ಭದಲ್ಲಿ ಮಗುವಿನ ಬೆರಳುಗಳು ಬಿಡಿಯಾಗುವುದೂ ಹೀಗೆಯೇ: ನಡುವಿನ ಕೋಶಗಳು ತಾವಾಗಿಯೇ ಸಾಯುತ್ತವೆ. ಇದಕ್ಕೆ ಅಪೊಪ್ಟೋಸಿಸ್ ಎನ್ನುತ್ತಾರೆ.

ಈ ಆಜ್ಞೆ ಸಾಗಿಸುವವುಗಳಲ್ಲಿ ಕೋಶದ ಪೊರೆಯಲ್ಲಿರುವ ಸ್ಫಿಂಗೊಲಿಪಿಡ್ ಎಂಬ ಕೊಬ್ಬುಗಳೂ ಸೇರಿವೆ. ಇವುಗಳಲ್ಲಿ ಸೆರಮೈಡ್ ಹೆಚ್ಚಾದರೆ ಕೋಶವು ಬೆಳವಣಿಗೆ ನಿಲ್ಲಿಸಿ ಸಾಯುವ ಕಡೆ ಹೊರಳುತ್ತದೆ. ಅದೇ ಸೆರಮೈಡ್ ಒಡೆದು ಸ್ಫಿಂಗೊಸಿನ್-1-ಫಾಸ್ಫೇಟ್ ಆದರೆ ಕೋಶ ಬದುಕಿ ಬೆಳೆಯುತ್ತದೆ. ಆರೋಗ್ಯವಂತರಲ್ಲಿ ಈ ತಕ್ಕಡಿ ಸಮವಾಗಿರುತ್ತದೆ.

ಅನೇಕ ಕ್ಯಾನ್ಸರ್ ಗಡ್ಡೆಗಳಲ್ಲಿ ತಕ್ಕಡಿ ಬೆಳೆಯುವ ಕಡೆಗೇ ವಾಲಿರುತ್ತದೆ. ಕರೆಂಟ್ ಕೊಡುವುದು ಮತ್ತು ಕಿಮೊಥೆರಪಿಯ ಕೆಲವು ಔಷಧಿಗಳು ಕೆಲಸ ಮಾಡುವ ಒಂದು ದಾರಿ, ಗಡ್ಡೆಯ ಕೋಶಗಳಲ್ಲಿ ಸೆರಮೈಡ್ ಹೆಚ್ಚಿಸುವುದು. ಚಿಕಿತ್ಸೆಯ ಪೆಟ್ಟು ಬೇಗ ಬೆಳೆಯುವ ಒಳ್ಳೆಯ ಕೋಶಗಳಿಗೂ ತಾಗುವುದರಿಂದ ಬಾಯಿಹುಣ್ಣು ಆಗಬಹುದು, ಕೂದಲು ಉದುರಬಹುದು. ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಮೇಲೆ ಇವು ಸರಿಹೋಗುತ್ತವೆ.

ನೆನಪಿಡಿ:

* ಹುಬ್ಬಳ್ಳಿಯಲ್ಲಾಗಲಿ, ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಚಿಕಿತ್ಸೆ ಆರಂಭಿಸಿದವರು ಪೂರ್ತಿ ಮಾಡಿರಿ. ಗಡ್ಡೆ ಕರಗಿತೆಂದು ನಡುವೆ ಬಿಟ್ಟರೆ ಉಳಿದ ಕೋಶಗಳು ಮತ್ತೆ ಬೆಳೆಯಬಹುದು.
* ಈ ಕೊಬ್ಬನ್ನು ಮುಖ್ಯವಾಗಿ ದೇಹವೇ ತಯಾರಿಸುತ್ತದೆ. ಎಣ್ಣೆ ಬಿಟ್ಟು ಉಪವಾಸ ಮಾಡಿದರೆ ಗಡ್ಡೆ ಕರಗದು, ರೋಗಿಯ ಶಕ್ತಿ ಕುಂದುತ್ತದೆ.
* ಅಂಗಡಿಯಲ್ಲಿ ಸಿಗುವ ಸೆರಮೈಡ್ ಕ್ರೀಮ್ ಒಣ ಚರ್ಮಕ್ಕೆ ಮಾತ್ರ, ಕ್ಯಾನ್ಸರಿಗಲ್ಲ.
* ತಂಬಾಕು, ಗುಟ್ಕಾ ಬಿಡಿ. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಿರಿ.