ವಾರದ ಮನೆ

ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು; ಹೀಗೆ ಏಳು ಮನೆಗಳಲ್ಲಿ ಉಂಡು ವಿದ್ಯೆ ಕಲಿತವರು ಕನ್ನಡ ನಾಡಿನಲ್ಲಿ ಒಂದು ಕಾಲಕ್ಕೆ ಬಹುಮಂದಿ. ಇದಕ್ಕೆ ವಾರಾನ್ನವೆಂದು ಹೆಸರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೂ ಹಳ್ಳಿಯಿಂದ ಬಂದ ಎಷ್ಟೋ ಬಡ ಹುಡುಗರು ಪುಸ್ತಕಕ್ಕಿಂತ ಮೊದಲು ಹೊಂದಿಸಿಕೊಳ್ಳಬೇಕಾಗಿದ್ದದ್ದು ಈ ಏಳು ಮನೆಗಳನ್ನು. ಐದೇ ದೊರೆತರೆ ಉಳಿದೆರಡು ದಿನ ಕೊಳಾಯಿಯ ನೀರೇ ಗತಿ.

ಯಜಮಾನನ ಒಪ್ಪಿಗೆ ಹೆಸರಿಗೆ ಮಾತ್ರ. ಹುಡುಗನ ಹೊಟ್ಟೆಯ ಹೊಣೆ ಗೃಹಿಣಿಯದು. ಎಂಟು ಜನಕ್ಕೆ ಬೆಂದ ಅನ್ನದಲ್ಲಿ ಒಂಬತ್ತನೆಯವನ ಪಾಲು ತೆಗೆಯುವುದು, ಸಾರಿಗೆ ಇನ್ನೊಂದು ಚೆಂಬು ನೀರೆರೆದು ಉಪ್ಪುಹುಳಿ ಸರಿಪಡಿಸುವುದು ಆಕೆಯ ಜಾಣ್ಮೆ. ‘ಸಾಕು’ ಎಂಬ ಸಂಕೋಚದ ಮಾತನ್ನು ಕೇಳಿಸಿಕೊಳ್ಳದವಳಂತೆ ಮತ್ತೊಂದು ಸೌಟು ಬಡಿಸಿದ ತಾಯಿಯನ್ನು ಉಂಡವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಹಬ್ಬವು ತನ್ನ ವಾರದಂದೇ ಬಂದರೆ ಹುಡುಗನಿಗೆ ಹೋಳಿಗೆಯ ಯೋಗ. ಏಕಾದಶಿ ಬಂದರೆ, ಪಾಪ, ಬೇಡವೆಂದರೂ ಪುಣ್ಯಸಂಪಾದನೆ!

ಎಲ್ಲ ಮನೆಗಳೂ ಹೀಗಿರಲಿಲ್ಲ. ತಂಗಳನ್ನವನ್ನು ಮೂಲೆಯಲ್ಲಿ ಬಡಿಸಿ, ಬಾವಿಯ ನೀರು ಸೇದಿಸಿ ಲೆಕ್ಕ ತೀರಿಸಿಕೊಂಡವರೂ ಉಂಟು. ಪಂಕ್ತಿಗೆ ಜಾತಿಯ ಗೆರೆಯಂತೂ ಇದ್ದೇ ಇತ್ತು. ಅದರಾಚೆ ನಿಂತವನ ಹಸಿವು ಆ ನಡುಮನೆಗಳಿಗೆ ಕೇಳಿಸಲಿಲ್ಲ. ಅದನ್ನು ಕೇಳಿಸಿಕೊಂಡವು ಕೆಲವು ಮಠಗಳು, ವಿದ್ಯಾರ್ಥಿನಿಲಯಗಳು. 1941ರಲ್ಲಿ ತುಮಕೂರಿನ ಬಳಿಯ ಸಿದ್ಧಗಂಗೆಯ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿ ಸುತ್ತಿ ಭಿಕ್ಷೆಯಾಗಿ ತಂದದ್ದು ರೈತರ ಮನೆಯ ರಾಗಿಯನ್ನು, ಕಾಳನ್ನು. ಒಬ್ಬ ಹುಡುಗನನ್ನು ಮನೆಗೆ ಕರೆಯಲಾರದ ಒಕ್ಕಲಗಿತ್ತಿಯೂ ತನ್ನ ಮೊರದಿಂದ ಒಂದು ಬೊಗಸೆಯನ್ನು ಆ ಜೋಳಿಗೆಗೆ ಸುರಿಯಬಹುದಾಗಿತ್ತು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಮುದ್ದೆ ಉಂಡರು.