ಮಾವನ ಹಳೇ ಕಂಪ್ಯೂಟರ್, ನನ್ನ ಎಂ.ಟೆಕ್

"ಒಳಗೆ ಯಾರೋ ಅಡಿಕೆ ಕತ್ತರಿಸಿದ ಹಾಗೆ ಶಬ್ದ ಬರ್ತಾ ಉಂಟು ಮಾರಾಯ. ಒಮ್ಮೆ ಬಂದು ನೋಡು" ಎಂದು ಡೊಂಬಿವಲಿಯಿಂದ ಮಾವ ಫೋನ್ ಮಾಡಿದಾಗ ನಾನು ಪೊವಾಯಿಯ ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದೆ. ಅವಸರದಲ್ಲಿ, "ಮಾವಾ, ಡಿಸ್ಕ್ ಚೆಕ್ ಅಂತ ಒಂದು ಉಂಟಲ್ಲ, ರಿಪೇರಿಗೆ ಟಿಕ್ ಹಾಕಿ ಓಡಿಸಿ, ಸರಿಯಾಗ್ತದೆ" ಎಂದು ಹೇಳಿ ಫೋನ್ ಇಟ್ಟೆ.

ಅದು ನನ್ನ ಮೊದಲ ತಪ್ಪು. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಮಾವನ ಕಂಪ್ಯೂಟರ್ 2010ರದ್ದು. ನಿವೃತ್ತಿಯ ಹಣದಲ್ಲಿ ಬಿಡಿಭಾಗಗಳನ್ನು ತಂದು ಜೋಡಿಸಿಕೊಂಡದ್ದು. ವಿಂಡೋಸ್ 7, ಐನೂರು ಜಿಬಿಯ ಹಾರ್ಡ್ ಡಿಸ್ಕ್, ಫ್ಯಾನಿನ ಮೇಲೆ ಹದಿನೈದು ವರ್ಷದ ಧೂಳು. "ಈ ಡಬ್ಬವನ್ನು ಭಂಗಾರಿಗೆ ಹಾಕಿ, ಮೇಜಾದರೂ ಖಾಲಿಯಾಗ್ತದೆ" ಎಂದು ಅತ್ತೆ ವರ್ಷಕ್ಕೆ ಎರಡು ಸಲ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೆ. ಒಮ್ಮೆ ಲ್ಯಾಪ್‌ಟಾಪ್ ತಂದೂ ಕೊಟ್ಟಿದ್ದೆ. ಅದರ ಮೇಲೆ ಈಗ ಕ್ರೋಶಾ ಹಾಕಿದ ಬಟ್ಟೆ ಹೊದಿಸಿ ಇಟ್ಟಿದ್ದಾರೆ.

ಮಾವ ಹಟಮಾರಿ ಎಂದು ನಾವೆಲ್ಲ ನಗುತ್ತಿದ್ದೆವು. ಕಾರಣ ಬೇರೆ ಇತ್ತು. ಕಾರ್ಕಳದ ಕಡೆಯ ಹಳ್ಳಿಯಿಂದ 1964ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರು ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ. ನಮ್ಮ ಕರಾವಳಿಯಿಂದ ಹೀಗೆ ಬಂದು, ಕೆಲಸ ಮುಗಿಸಿ ಕಣ್ಣು ಎಳೆಯುತ್ತಿದ್ದರೂ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮಾಡಿಕೊಂಡವರು ಎಷ್ಟೋ ಮಂದಿ. ಕೆಲವರು ಮುಂದೆ ಹೋಟೆಲ್ ಮಾಲೀಕರಾದರು, ಕೆಲವರು ವಕೀಲರು, ಮಾವನ ಹಾಗೆ ಹಲವರು ಗುಮಾಸ್ತರು. ಅಂಥ ಸಹಪಾಠಿಗಳನ್ನು ಹುಡುಕಿಕೊಂಡು ಹೋಗಿ ಅವರ ಕತೆ ಬರೆದಿಡುವುದು ಮಾವನ ಹುಚ್ಚು. ಮೊದಲು ರಿಜಿಸ್ಟರ್ ಪುಸ್ತಕಗಳಲ್ಲಿ ಬರೆಯುತ್ತಿದ್ದರು, ಕೆಲವನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಆಗ ಅವರ ಮನೆ ಕುರ್ಲಾದ ಒಂದು ನೆಲಮಹಡಿಯ ಕೋಣೆ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ಕುರ್ಲಾದ ಮನೆಗಳೊಳಗೆ ನುಗ್ಗಿತು. ಮಾವ ಫೋರ್ಟಿನಿಂದ ನಡೆದುಕೊಂಡೇ ಮರುದಿನ ಮನೆ ಮುಟ್ಟಿದರು. ಅತ್ತೆ, ಮಕ್ಕಳು ಮೇಲಿನವರ ಮನೆಯಲ್ಲಿ ಸುರಕ್ಷಿತ. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ರಿಜಿಸ್ಟರುಗಳು ಕೆಸರಿನ ಮುದ್ದೆ. ಐವತ್ತಮೂರರ ವಯಸ್ಸಿನಲ್ಲಿ ಮಾವ ಕಂಪ್ಯೂಟರ್ ಕಲಿಯಲು ಹೊರಟದ್ದು ಆಮೇಲೆ. ಕಾಗದ ನೆನೆಯುತ್ತದೆ, ಕಂಪ್ಯೂಟರಿನಲ್ಲಿದ್ದದ್ದು ನೆನೆಯುವುದಿಲ್ಲ ಎಂಬುದು ಅವರ ಲೆಕ್ಕ. ನೆನಪಿನಿಂದ, ಇದ್ದವರನ್ನು ಮತ್ತೆ ಭೇಟಿಯಾಗಿ, ನಾಲ್ಕು ಬೆರಳಲ್ಲಿ ಟೈಪ್ ಮಾಡಿ ಈವರೆಗೆ ಅರವತ್ತಮೂರು ಜನರ ಕತೆ ಮುಗಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಿಲ್ಲ.

ಎಲ್ಲವೂ ಆ ಒಂದೇ ಡಿಸ್ಕಿನಲ್ಲಿ. ಬೇರೆಲ್ಲೂ ಒಂದು ಪ್ರತಿ ಇಲ್ಲ. ಇದು ನನಗೆ ಗೊತ್ತಾದದ್ದು ಆ ಶನಿವಾರ ಡೊಂಬಿವಲಿಗೆ ಹೋಗಿ ಶಬ್ದ ಕೇಳಿದ ಮೇಲೆ. ನಾನು ಕಂಪನಿಯಲ್ಲಿ ಗಿರಾಕಿಗಳ ಡೇಟಾವನ್ನು ಮೂರು ಕಡೆ ಕಾಪಾಡುವ ವ್ಯವಸ್ಥೆಗೆ ಕೋಡ್ ಬರೆಯುವವನು. ಮುಲುಂಡಿನಿಂದ ಲೋಕಲ್ ಹತ್ತಿದರೆ ಅರ್ಧ ಗಂಟೆಯ ದಾರಿಯಲ್ಲಿ ನನ್ನ ಮಾವನ ಇಪ್ಪತ್ತು ವರ್ಷ ಒಂದೇ ತಟ್ಟೆಯ ಮೇಲೆ ತಿರುಗುತ್ತಿತ್ತು.

ಹಾರ್ಡ್ ಡಿಸ್ಕ್ ಎಂದರೆ ನಿಜವಾಗಿಯೂ ತಟ್ಟೆಯೇ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ತಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಮಾವನಿಗೆ ಇದನ್ನು ಹೇಳಿದರೆ, "ನನ್ನದು ಅಷ್ಟೂ ಇಲ್ಲ, ಅದರಲ್ಲೇ ಹಿಡಿಯುತ್ತಿತ್ತು" ಎಂದರು. ಗಾತ್ರ ಇಳಿದು ಅಂಗೈಗೆ ಬಂದರೂ ತಟ್ಟೆ ಮತ್ತು ತಲೆಯ ಸಂಸಾರ ಹಾಗೇ ಉಳಿದಿದೆ. ಟಕ್ ಟಕ್ ಶಬ್ದ ಬಂತೆಂದರೆ ತಲೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುತ್ತಿದೆ ಎಂದು ಅರ್ಥ. ಅಂಥ ಡಿಸ್ಕಿಗೆ ಮಾಡಬಾರದ ಕೆಲಸವೆಂದರೆ ಅದನ್ನು ರಿಪೇರಿಗೆ ಹಚ್ಚುವುದು. ರಿಪೇರಿ ತಂತ್ರಾಂಶ ಇಡೀ ಡಿಸ್ಕನ್ನು ಉಜ್ಜಿ ಓದಿಸುತ್ತದೆ, ನಡುವೆ ಅಲ್ಲಲ್ಲಿ ಬರೆಯುತ್ತದೆ ಕೂಡ. ಉಸಿರಾಟ ಕಷ್ಟವಾದವರನ್ನು ಮೆಟ್ಟಿಲು ಹತ್ತಿಸಿದ ಹಾಗೆ.

ಹತ್ತಿರದ ಅಂಗಡಿಯ ಹುಡುಗನನ್ನು ಮಾವ ಆಗಲೇ ಕರೆಸಿ ತೋರಿಸಿದ್ದರು. "ಅಂಕಲ್, ಫಾರ್ಮ್ಯಾಟ್ ಮಾರ್ ದೇತೇ ಹೈಂ" ಎಂದಿದ್ದನಂತೆ. ಮಾವ ಅವನಿಗೆ ಚಹಾ ಕೊಟ್ಟು ಕಳುಹಿಸಿದ್ದು ಪುಣ್ಯ.

ಬೇಕಾದ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಗದೇ ಎಂದು ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದ್ದೆ. ಆದರೆ ಮಾವನ ಕತೆಗಳು ಡೆಸ್ಕ್‌ಟಾಪಿನಲ್ಲಿ ಹತ್ತು, ಡಿ ಡ್ರೈವಿನಲ್ಲಿ ಇಪ್ಪತ್ತು, "ನ್ಯೂ ಫೋಲ್ಡರ್ 7"ರಲ್ಲಿ ಉಳಿದವು ಎಂಬಂತೆ ಹರಡಿದ್ದವು. ಅದಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. ಎಲ್ಲವನ್ನೂ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಲ್ಲೇ ಸಿಕ್ಕಿದ್ದರೂ ನಮ್ಮ ಡಿಟಿಪಿ ಲೋಕ ಬಹಳ ವರ್ಷ ಬೇರೆ ದಾರಿಯಲ್ಲಿ ನಡೆಯಿತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೋಪಿ ಹಾಕಿಕೊಂಡ ರೋಮನ್ ಅಕ್ಷರಗಳ ಸಂತೆ. ನಾನು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾವ ತಮ್ಮ ಫೈಲ್ ತೆರೆದಾಗ ಕಂಡದ್ದು ಆ ಸಂತೆ. ಅದಕ್ಕೇ ಕ್ರೋಶಾ ಬಟ್ಟೆ! ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಹಾಕಿದ್ದ ಸಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಫೈಲು, ಫಾಂಟು, ತಂತ್ರಾಂಶ, ಕೀಲಿಮಣೆಯ ಅಭ್ಯಾಸ ಎಲ್ಲವನ್ನೂ ಇದ್ದ ಹಾಗೇ ಎತ್ತಿ ಹೊಸ ಡಿಸ್ಕಿನಲ್ಲಿ ಇಡಬೇಕಿತ್ತು. ಇದೇ ಕ್ಲೋನಿಂಗ್.

ಕಂಪ್ಯೂಟರ್ ಆಫ್ ಮಾಡಿಸಿ, "ನಾನು ಬರುವವರೆಗೆ ಮುಟ್ಟಬೇಡಿ" ಎಂದು ಹೇಳಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಾಗಿದ್ದರೂ ಜನರ ಬಾಯಲ್ಲಿ ಅದು ಇನ್ನೂ ಲ್ಯಾಮಿಂಗ್ಟನ್ ರೋಡ್. ನೂರು ವರ್ಷಕ್ಕೂ ಹಿಂದೆ ಇಲ್ಲಿದ್ದ ಗವರ್ನರನ ಹೆಸರನ್ನು ಕೇಬಲ್ಲು, ರ್‍ಯಾಮ್ ಮಾರುವವರು ಉಳಿಸಿಕೊಂಡಿದ್ದಾರೆ. ಅಲ್ಲಿ ಎಸ್‌ಎಸ್‌ಡಿ ಒಂದನ್ನು ಚೌಕಾಸಿ ಮಾಡಿ ಕೊಂಡು, ಗೆದ್ದ ಖುಷಿಯಲ್ಲಿ ಡೊಂಬಿವಲಿಗೆ ಮರಳಿದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಹಳೆಯ ಯಂತ್ರಕ್ಕೂ ಅದೇ ಸಾಟಾ ಕೇಬಲ್ ಸಾಕು.

ಎರಡನೇ ತಪ್ಪು ಅಲ್ಲಿ. ಹಳೆಯದು 500 ಜಿಬಿ, ನಾನು ತಂದದ್ದು 480. ಸೆಕ್ಟರಿಗೆ ಸೆಕ್ಟರ್ ನಕಲಿಸುವಾಗ ಹೊಸ ಡಿಸ್ಕ್ ಹಳೆಯದರಷ್ಟಾದರೂ ಇರಬೇಕು, ಒಂದು ಬೈಟ್ ಕಡಿಮೆಯೂ ನಡೆಯದು. ಡಿಸ್ಕ್ ಚೆನ್ನಾಗಿದ್ದರೆ ಪಾರ್ಟಿಷನ್ ಕುಗ್ಗಿಸಿ ಹೊಂದಿಸಬಹುದಿತ್ತು, ಸಾಯುತ್ತಿರುವ ಡಿಸ್ಕಿನಲ್ಲಿ ಆ ಸಾಹಸ ಬೇಡ. "ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡಿದವನು ಪಾತ್ರೆ ನೋಡದೆ ಮುಚ್ಚಳ ತಂದಿದ್ದಾನೆ" ಎಂದು ಅತ್ತೆ ಮಗಳಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು. ಮುಂದಿನ ಶನಿವಾರದವರೆಗೆ ಮಾವ ದಿನಕ್ಕೊಂದು ಫೋನ್ ಮಾಡಿದರು. ಕಂಪ್ಯೂಟರಿನ ಸುದ್ದಿ ಎತ್ತುತ್ತಿರಲಿಲ್ಲ. ಮಳೆ ಹೇಗುಂಟು, ಊಟ ಆಯಿತಾ, ಅಷ್ಟೇ.

ಒಂದು ಟಿಬಿಯ ಡಿಸ್ಕ್ ಹಿಡಿದು ಮತ್ತೆ ಹೋದೆ. ಡಬ್ಬ ಬಿಚ್ಚಿ, ಯಾರೂ ಬಳಸದ ಡಿವಿಡಿ ಡ್ರೈವಿನ ಕೇಬಲ್ ಕಿತ್ತು ಹೊಸದಕ್ಕೆ ಚುಚ್ಚಿದೆ. ವಿಂಡೋಸನ್ನು ಎಬ್ಬಿಸದೆ ಪೆನ್‌ಡ್ರೈವಿನಿಂದ ಲಿನಕ್ಸ್ ಏರಿಸಿದೆ. ಯಾವುದು ಮೂಲ, ಯಾವುದು ನಕಲು ಎಂದು ಮೂರು ಸಲ ಗಾತ್ರ ನೋಡಿಕೊಂಡೆ. ಇಲ್ಲಿ ತಿರುವುಮುರುವಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಬಳಸಿದ್ದು ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶ. ಸಾಮಾನ್ಯ ಕ್ಲೋನ್ ತಂತ್ರಾಂಶಗಳು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಕಚ್ಚಿಕೊಳ್ಳುತ್ತವೆ, ಇಲ್ಲವೇ ನಿಂತುಬಿಡುತ್ತವೆ. ಇದು ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟು, ಆಮೇಲೆ ಅಂಚಿನಿಂದ ಮೆಲ್ಲಗೆ ಒಳಗೆ ಹೋಗುತ್ತದೆ. ನಡುವೆ ಕರೆಂಟ್ ಹೋದರೂ ನಕ್ಷೆ ಇದ್ದರೆ ಬಿಟ್ಟಲ್ಲಿಂದ ಶುರು ಮಾಡಬಹುದು. ಆ ನಕ್ಷೆಯನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ.

ಮೊದಲ ಸುತ್ತು ಎರಡು ಗಂಟೆಯೊಳಗೆ ಮುಗಿಯಿತು. ಉಳಿದ ಒಂದಿಷ್ಟಕ್ಕೆ ಇಡೀ ರಾತ್ರಿ. ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿಟ್ಟು, ನಾವಿಬ್ಬರೂ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತೆವು. ಟಕ್ ಎಂದಾಗಲೆಲ್ಲ ಮಾವ ಪರದೆ ನೋಡುತ್ತಿದ್ದರು. ಬೆಳಗಿನ ಜಾವ ಎದ್ದು ನೋಡಿದರೆ ಲೆಕ್ಕ ನಿಂತಿತ್ತು. ಓದಲಾಗದೇ ಉಳಿದದ್ದು 212 ಸೆಕ್ಟರ್, ಒಂದೊಂದು 512 ಬೈಟಿನದ್ದು. ಐನೂರು ಜಿಬಿಯಲ್ಲಿ 106 ಕೆಬಿ. ನನ್ನ ವೃತ್ತಿಯಲ್ಲಿ ಇದಕ್ಕೆ ಚಪ್ಪಾಳೆ ತಟ್ಟುತ್ತಾರೆ.

ಹಳೆಯದನ್ನು ಕಳಚಿ, ಹೊಸದೊಂದನ್ನೇ ಬಿಟ್ಟು ವಿಂಡೋಸ್ ಎಬ್ಬಿಸಿದೆ. ಎರಡೂ ಜೊತೆಗಿದ್ದರೆ ಒಂದೇ ಗುರುತಿನ ಚೀಟಿಯ ಇಬ್ಬರನ್ನು ಕಂಡು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ, ಹಾಗೆ ಮಾಡಬೇಡಿ. ಅದೇ ಹಳೆಯ ವಾಲ್‌ಪೇಪರ್, ಅದೇ "ನ್ಯೂ ಫೋಲ್ಡರ್ 7", ಅದೇ ನುಡಿ. ಎದ್ದೇಳಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದಿತು. ಮಾವ ಚಹಾ ಮಾಡಲು ಹೇಳಿ ಕೂರುವ ಅಭ್ಯಾಸದವರು, ಅವರಿಗೆ ಸ್ವಲ್ಪ ಬೇಸರವೇ ಆಯಿತೇನೋ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಭದ್ರತೆಯ ಬೆಂಬಲ ನಿಲ್ಲಿಸಿದೆ. ಅದಕ್ಕೆ ಇಂಟರ್ನೆಟ್ ತಂತಿಯನ್ನು ಕಿತ್ತು ಸುತ್ತಿಟ್ಟೆ. ಇ-ಪೇಪರ್ ಓದಲು ಲ್ಯಾಪ್‌ಟಾಪಿನ ಬಟ್ಟೆ ಸರಿಸಿಕೊಟ್ಟೆ.

ಆ 106 ಕೆಬಿ ಎಲ್ಲಿಯದು ಎಂದು ನೋಡದೆ ಏಳುವ ಮನಸ್ಸಾಗಲಿಲ್ಲ. ಕಂಪ್ಯೂಟರನ್ನು ಮತ್ತೆ ಲಿನಕ್ಸಿಗೆ ತಂದು, ಓದಲಾಗದ ಜಾಗಗಳಲ್ಲೆಲ್ಲ ಒಂದು ಗುರುತಿನ ಪದ ತುಂಬಿಸಿ, ಅದು ಯಾವ್ಯಾವ ಫೈಲಿನಲ್ಲಿದೆ ಎಂದು ಹುಡುಕಿಸಿದೆ. ಹೆಚ್ಚಿನವು ಖಾಲಿ ಜಾಗ. ಕೆಲವು ವಿಂಡೋಸಿನ ಸಹಾಯದ ಪುಟಗಳು. ಒಂದು ಯಕ್ಷಗಾನದ ಹಾಡು. ಇನ್ನೊಂದು, ಮಾವನ ಕತೆಗಳಲ್ಲಿ ನಲವತ್ತೊಂದನೆಯದು.

ಪೇಜ್‌ಮೇಕರ್ ಅದನ್ನು ತೆರೆಯಲಿಲ್ಲ. ಫೈಲಿನ ಒಳಗಿನ ಅಕ್ಷರಗಳನ್ನು ಬಗೆದು ತೆಗೆದು ಯೂನಿಕೋಡಿಗೆ ತಿರುಗಿಸಿದೆ. ಹನ್ನೊಂದು ಪುಟಗಳಲ್ಲಿ ಸುಮಾರು ಒಂದೂವರೆ ಪುಟ ಇಲ್ಲ. ಮಾವ ಕನ್ನಡಕ ಏರಿಸಿ ಓದುತ್ತಾ ಬಂದರು. ಹೋಟೆಲಿನ ಹಿಂಬಾಗಿಲಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಹುಡುಗ, ಪರೀಕ್ಷೆಯ ಫೀಸಿಗೆ ಹಣವಿಲ್ಲ, "ಆ ದಿನ ಮಾಲಕರು ನನ್ನನ್ನು ಗಲ್ಲೆಯ ಹತ್ತಿರ ಕರೆದು" ಎಂಬಲ್ಲಿಗೆ ವಾಕ್ಯ ನಿಂತಿತು. ಹೇಳಿದವರು ತೀರಿಕೊಂಡು ಆರು ವರ್ಷವಾಯಿತು.

ನಾನು ಫೋನಿನಲ್ಲಿ ಹೇಳಿದ ಆ ರಿಪೇರಿಯನ್ನು ಮಾವ ಒಂದು ರಾತ್ರಿಯಿಡೀ ಓಡಿಸಿದ್ದರು. ಆ ಒಂದೂವರೆ ಪುಟ ಅದಕ್ಕೆ ಮೊದಲೇ ಹೋಗಿತ್ತೋ, ಆ ರಾತ್ರಿ ಹೋಯಿತೋ ತಿಳಿಯುವ ದಾರಿಯಿಲ್ಲ. ಅಂದು ಮಾವನ ಎದುರು ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಈ ಅಂಕಣವನ್ನು ತಪ್ಪದೆ ಓದುವವರು, ಹಾಗಾಗಿ ಇಲ್ಲೇ ಹೇಳಿಬಿಡುತ್ತಿದ್ದೇನೆ. ಮಾವಾ, ಬೈಯುವುದಿದ್ದರೆ ಭಾನುವಾರ ಬರುತ್ತೇನೆ.

ಈಗ ಆ ಕತೆಗಳ ಒಂದು ಪ್ರತಿ ಮುಲುಂಡಿನಲ್ಲಿ ನನ್ನ ಕಪಾಟಿನಲ್ಲಿದೆ, ಒಂದು ಕಾರ್ಕಳದಲ್ಲಿ ಅಮ್ಮನ ಬಳಿ. ಮಳೆ ಬಂದರೆ ಎರಡೂ ಊರಿಗೆ ಒಟ್ಟಿಗೆ ಬರಲಿಕ್ಕಿಲ್ಲ ಎಂದು ಮಾವನೇ ಹಂಚಿದ್ದು. ಹಳೆಯ ಡಿಸ್ಕನ್ನು ಭಂಗಾರಿಗೆ ಕೊಡಲಿಲ್ಲ, ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಮೊನ್ನೆ ಹೋದಾಗ ನಲವತ್ತೊಂದನೆಯ ಕತೆ ಪರದೆಯ ಮೇಲಿತ್ತು. ಗಲ್ಲೆಯ ಹತ್ತಿರ ಮಾಲಕರು ಏನು ಹೇಳಿದರು ಎಂಬುದನ್ನು ಮಾವ ತಮಗೆ ನೆನಪಿದ್ದಷ್ಟು ಟೈಪ್ ಮಾಡುತ್ತಿದ್ದರು. ಆ ಭಾಗದ ಸುತ್ತ ಆವರಣ ಚಿಹ್ನೆ ಹಾಕಿ, ಕೆಳಗೆ "ಇದು ಅವರ ಮಾತಲ್ಲ, ನನ್ನ ನೆನಪು" ಎಂದು ಬರೆದಿದ್ದರು. "ಫೀಸಿನ ಹಣ ಹದಿನೈದು ರೂಪಾಯಿ ಅಂದಿದ್ದರಾ, ಹನ್ನೆರಡಾ?" ಎಂದು ಒಳಗಿದ್ದ ಅತ್ತೆಯನ್ನು ಕೇಳಿದರು. "ಹನ್ನೆರಡು" ಎಂದರು ಅತ್ತೆ, ಅಡುಗೆಮನೆಯಿಂದಲೇ. ಆ ದಿನ ಚಹಾ ಕೊಡಲು ಬಂದಾಗ ಅವರೂ ಕೇಳಿಸಿಕೊಂಡಿದ್ದರಂತೆ.