ಗಣಕದ ಬುನಾದಿಗೆ ಒಡೆತನದ ಕಟ್ಟಳೆ

ಪಹಣಿಯ ನಕಲಿಗಾಗಿ ಚಿಂಚೋಳಿಯ ತಹಶೀಲ ಕಚೇರಿಗೆ ಬಂದ ರೈತನಿಗಾಗಲಿ, ಸೇಡಮಿನ ಬ್ಯಾಂಕಿನಲ್ಲಿ ಪಿಂಚಣಿಗಾಗಿ ಸಾಲು ನಿಂತ ಮುದುಕಿಗಾಗಲಿ ಈ ಕಾಲದಲ್ಲಿ ಚಿರಪರಿಚಿತವಾದ ಉತ್ತರವೊಂದುಂಟು: “ಸರ್ವರ್ ಇಲ್ಲ, ನಾಳೆ ಬನ್ನಿ.” ಹಿಂದೆ ಕುಲಕರ್ಣಿಯು ಚಾವಡಿಯಲ್ಲಿಲ್ಲವೆಂದರೆ ಅವನ ಮನೆಯ ಕಟ್ಟೆಯ ಮೇಲಾದರೂ ಕುಳಿತು ಕಾಯಬಹುದಾಗಿತ್ತು. ಸರ್ವರಿನ ಮನೆ ಯಾವ ಓಣಿಯಲ್ಲಿರುವುದೆಂದು ಬಡವನು ಯಾರನ್ನು ಕೇಳಬೇಕು? ಈ ನಿಲುಗಡೆಗೆ ಕಾರಣಗಳು ಹಲವು. ತಂತಿ ಕಡಿದಿರಬಹುದು, ವಿದ್ಯುತ್ತು ಹೋಗಿರಬಹುದು, ಜನಸಂದಣಿಯ ಭಾರವನ್ನು ಯಂತ್ರವು ತಾಳದಿರಬಹುದು. ಇವು ಕಣ್ಣಿಗೆ ಕಾಣುವ ಕಾರಣಗಳು. ಇವೆಲ್ಲಕ್ಕಿಂತ ಆಳದಲ್ಲಿ, ಯಂತ್ರದ ಗರ್ಭದಲ್ಲಿಯೇ ಅಡಗಿರುವ ಒಂದು ದೋಷವುಂಟು. ಅದನ್ನು ಬೇರುಸಹಿತ ಕೀಳುವ ಉದ್ಯಮವೊಂದು ಕೆಲವು ವರ್ಷಗಳಿಂದ ಜಗತ್ತಿನಲ್ಲಿ ನಡೆದಿರುವುದು. ಅದು ತಜ್ಞರ ಒಳಜಗಳವೆಂದು ನಾವು ಕೈಕಟ್ಟಿ ಕೂಡ್ರುವ ವಿಷಯವಲ್ಲವಾದುದರಿಂದ ಈ ದಿವಸ ಅದನ್ನು ವಾಚಕರ ಮುಂದಿಡುತ್ತೇವೆ.

ಪ್ರತಿಯೊಂದು ಗಣಕಯಂತ್ರದಲ್ಲಿಯೂ, ಪರದೆಯ ಮೇಲೆ ಕಾಣುವ ಕೆಲಸಗಳ ಅಡಿಯಲ್ಲಿ, ಆಪರೇಟಿಂಗ್ ಸಿಸ್ಟಮ್ ಎಂಬ ಆಡಳಿತ ವ್ಯವಸ್ಥೆಯಿರುವುದು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಕೊಡಬೇಕು, ಯಾವುದಕ್ಕೆ ಎಷ್ಟು ಹೊತ್ತು ಸರದಿ, ಯಾರು ಯಾವ ಕಡತವನ್ನು ತೆರೆಯಬಹುದು ಎಂಬ ಸಮಸ್ತ ನಿರ್ಣಯಗಳೂ ಅಲ್ಲಿಯೇ ಆಗುವವು. ಮನೆಗೆ ಹಾಸಿದ ಶಹಾಬಾದಿ ಫರಸಿ ಎಷ್ಟು ನುಣುಪಾಗಿದ್ದರೂ ಬುನಾದಿ ಕುಸಿದರೆ ಅದು ಬಿರಿಯದೆ ಉಳಿಯದು. ಹಾಗೆಯೇ ಮೇಲಿನ ಪ್ರೋಗ್ರಾಮೊಂದು ಕೆಟ್ಟರೆ ಅದೊಂದೇ ನಿಲ್ಲುವುದು; ಕರ್ನೆಲ್ ಕೆಟ್ಟರೆ ಯಂತ್ರವೇ ನಿಲ್ಲುವುದು, ಅಥವಾ ನಿಲ್ಲದೆಯೇ ಕಳ್ಳನ ಕೈಗೆ ಬೀಗದಕೈ ಕೊಡುವುದು.

ಈ ಬುನಾದಿಗಳು ಬಹುಮಟ್ಟಿಗೆ ಸಿ ಎಂಬ ಭಾಷೆಯಲ್ಲಿ ಬರೆಯಲ್ಪಟ್ಟಿವೆ. ಅಮೇರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬ ವಿದ್ವಾಂಸರು ೧೯೭೨ರ ಸುಮಾರಿಗೆ ಅದನ್ನು ರೂಪಿಸಿದರು. ೧೯೭೩ರಲ್ಲಿ ಯುನಿಕ್ಸ್ ವ್ಯವಸ್ಥೆಯು ಅದರಲ್ಲಿ ಪುನಃ ಬರೆಯಲ್ಪಟ್ಟಿತು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಮೂರು ಕೋಟಿಗೂ ಮಿಗಿಲಾದ ಸಾಲುಗಳಷ್ಟು ಬೆಳೆದಿದೆ. ಆಂಡ್ರಾಯ್ಡ್ ಮೊಬೈಲುಗಳಿಂದ ಮಹಾಗಣಕಗಳವರೆಗೆ ಎಲ್ಲವೂ ಅದನ್ನೇ ಆಶ್ರಯಿಸಿವೆ. ಸಿ ಭಾಷೆಯ ಗುಣ ದೊಡ್ಡದು. ಅದು ಯಂತ್ರದ ಮೈಗೆ ಅಂಟಿದಂತೆ ನಡೆಯುವುದು. ವೇಗದಲ್ಲಿ ಅದನ್ನು ಮೀರಿಸುವುದು ಕಷ್ಟ. ಅದರ ದೋಷವೂ ಅದೇ ಗುಣದಿಂದ ಹುಟ್ಟಿದುದು. ಬರೆಯುವವನು ಹೇಳಿದುದನ್ನೆಲ್ಲ ಅದು ನಂಬುವುದು.

ಕಂದಾಯ ಇಲಾಖೆಯ ಅಧಿಕಾರಿಗಳಿಗೆ ಇದು ಸುಲಭವಾಗಿ ತಿಳಿಯತಕ್ಕ ವಿಷಯ. ಮೆಮೊರಿಯೆಂಬುದು ಸರ್ವೆ ನಂಬರು ಹಾಕಿದ ಹೊಲಗಳ ಸಾಲಿದ್ದಂತೆ. ಪ್ರೋಗ್ರಾಮಿನ ಪ್ರತಿಯೊಂದು ಭಾಗವೂ ತನಗೆ ಬೇಕಾದಷ್ಟು ಹೊಲವನ್ನು ಪಡೆದು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಇಲ್ಲಿ ಮೂರು ಬಗೆಯ ಅನ್ಯಾಯಗಳು ನಡೆಯಬಲ್ಲವು. ಒಬ್ಬನು ತನ್ನ ಬದುವನ್ನು ದಾಟಿ ನೆರೆಯವನ ಹೊಲವನ್ನು ಉಳಬಹುದು. ಬಿಟ್ಟುಕೊಟ್ಟ ಹೊಲವು ಬೇರೊಬ್ಬನ ಪಾಲಾದ ಮೇಲೂ ಹಳೆಯ ಒಡೆಯನು ಅಲ್ಲಿ ಕೂರಿಗೆ ಹೂಡಬಹುದು. ಇಬ್ಬರು ಒಂದೇ ಹೊಲದಲ್ಲಿ ಒಂದೇ ಗಳಿಗೆಗೆ ಬೇರೆ ಬೇರೆ ಬೀಜ ಬಿತ್ತಬಹುದು. ಸಿ ಭಾಷೆಯಲ್ಲಿ ಇವನ್ನು ತಡೆಯುವ ಪಹಣಿಯಿಲ್ಲ. ಬರೆಯುವವನ ಎಚ್ಚರವೊಂದೇ ಬದು.

ಮೂರು ಕೋಟಿ ಸಾಲುಗಳಲ್ಲಿ ಮನುಷ್ಯನ ಎಚ್ಚರವು ಎಲ್ಲಿಯೂ ತೂಕಡಿಸದೆ ಇದ್ದೀತೇ? ಮೈಕ್ರೋಸಾಫ್ಟ್ ಸಂಸ್ಥೆಯು ವರ್ಷವರ್ಷವೂ ಮುಚ್ಚುವ ಭದ್ರತೆಯ ಬಿರುಕುಗಳಲ್ಲಿ ಶೇಕಡಾ ೭೦ರಷ್ಟು ಈ ಮೆಮೊರಿಯ ಅತಿಕ್ರಮಣಗಳಿಂದಲೇ ಹುಟ್ಟಿದವೆಂದು ಆ ಸಂಸ್ಥೆಯವರೇ ೨೦೧೯ರಲ್ಲಿ ಹೇಳಿದರು. ಗೂಗಲ್ ಸಂಸ್ಥೆಯವರು ತಮ್ಮ ಕ್ರೋಮ್ ಬ್ರೌಸರಿನ ಗಂಭೀರ ದೋಷಗಳ ಲೆಕ್ಕ ತೆಗೆದಾಗಲೂ, ೨೦೨೦ರಲ್ಲಿ, ಬಹುತೇಕ ಅದೇ ಅಂಕಿ ಬಂದಿತು. ಇವರು ಅಲ್ಪವೇತನದ ಅರೆಕಲಿತ ಗುಮಾಸ್ತರಲ್ಲ. ಜಗತ್ತಿನ ನುರಿತ ಕೈಗಳು.

೨೦೨೪ರ ಜುಲೈ ೧೯ರ ಶುಕ್ರವಾರವನ್ನು ವಾಚಕರು ಮರೆತಿರಲಾರರು. ಕ್ರೌಡ್‌ಸ್ಟ್ರೈಕ್ ಎಂಬ ಅಮೇರಿಕೆಯ ಭದ್ರತಾ ಸಂಸ್ಥೆಯು ಕಳುಹಿಸಿದ ಒಂದು ಸಣ್ಣ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು ೮೫ ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಮಲಗಿದವು. ಆ ಸಂಸ್ಥೆಯ ಪ್ರೋಗ್ರಾಮು ಕರ್ನೆಲಿನೊಳಗೆ ಕುಳಿತು ಕೆಲಸ ಮಾಡತಕ್ಕದ್ದು. ಅದಕ್ಕೆ ಒದಗಿಸಿದ ಅಂಶಗಳು ೨೦. ಹೊಸ ಕಡತವು ೨೧ನೆಯದನ್ನು ನೋಡೆಂದಿತು. ಇಲ್ಲದ ೨೧ನೆಯದನ್ನು ಓದಲು ಹೋಗಿ ಅದು ಬದುವಿನಾಚೆ ಕಾಲಿಟ್ಟಿತು, ಯಂತ್ರವು ನಿಂತಿತು. ಅದೇ ದಿವಸ ದೇಶದ ಅನೇಕ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಪ್ರವೇಶಚೀಟಿ ಕೊಡಬೇಕಾಯಿತು; ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿಯೂ ವಿಮಾನಸಂಸ್ಥೆಗಳ ಗಣಕಗಳು ಕೈಕೊಟ್ಟು ಜನರು ಸಾಲುಗಟ್ಟಿ ನಿಂತರು. ಒಂದು ಅಂಶದ ಹೆಚ್ಚುಕಡಿಮೆಗೆ ಇಷ್ಟು ದಂಡ!

ಈ ವ್ಯಾಧಿಗೆ ಕಂಡುಹಿಡಿದ ಔಷಧಗಳಲ್ಲಿ ರಸ್ಟ್ ಎಂಬ ಭಾಷೆ ಮುಖ್ಯವಾದುದು. ೨೦೦೬ರಲ್ಲಿ ಗ್ರೇಡನ್ ಹೋರ್ ಎಂಬ ಕೆನಡಾದ ತರುಣರು ಕೆಟ್ಟುನಿಂತ ಲಿಫ್ಟಿನಿಂದಾಗಿ ೨೧ನೆಯ ಅಂತಸ್ತಿನ ತಮ್ಮ ಮನೆಗೆ ಮೆಟ್ಟಿಲು ಹತ್ತಬೇಕಾಯಿತಂತೆ. ಲಿಫ್ಟನ್ನು ಕೆಡಿಸಿದುದು ಇಂತಹುದೇ ಪ್ರೋಗ್ರಾಮಿನ ದೋಷವೆಂದು ಬಗೆದು ಅವರು ಹೊಸ ಭಾಷೆಯ ಕೆಲಸಕ್ಕೆ ತೊಡಗಿದರು. ಮೊಝಿಲ್ಲಾ ಸಂಸ್ಥೆಯು ಬೆಂಬಲವಿತ್ತಿತು. ೨೦೧೫ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಹೊರಬಿದ್ದಿತು. ಗೋದಿಯ ಬೆಳೆಗೆ ತಗಲುವ ತುಕ್ಕುರೋಗದ ಬೂಜಿನಿಂದ ಆ ಹೆಸರು ಬಂದಿದೆಯೇ ಹೊರತು ಕಬ್ಬಿಣದ ತುಕ್ಕಿನಿಂದಲ್ಲವೆಂದು ಅವರು ಹೇಳಿರುವರು.

ಈ ಭಾಷೆಯ ಮೂಲಸೂತ್ರ ಒಡೆತನ. ಮೆಮೊರಿಯ ಪ್ರತಿಯೊಂದು ತುಂಡಿಗೂ ಯಾವ ಗಳಿಗೆಯಲ್ಲಿಯೂ ಒಬ್ಬನೇ ಒಡೆಯನು. ಒಡೆತನವನ್ನು ಬೇರೊಬ್ಬನಿಗೆ ವರ್ಗಾಯಿಸಿದರೆ ಹಳೆಯವನ ಹಕ್ಕು ಅಲ್ಲಿಗೆ ಮುಗಿಯಿತು. ಒಡೆಯನ ಅವಧಿ ತೀರಿದೊಡನೆ ಆ ತುಂಡು ತಾನಾಗಿಯೇ ಖುಲ್ಲಾ ಆಗುವುದು. ಶಹಾಬಾದಿನ ಬಳಿಯ ಮರತೂರಿನೊಡನೆ ಯಾವ ಪುಣ್ಯಪುರುಷನ ಹೆಸರು ಹೆಣೆದುಕೊಂಡಿರುವುದೋ, ಆ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ವತ್ವವೆಂದರೇನೆಂದು ಆಳವಾಗಿ ವಿಚಾರ ಮಾಡಿದನು. ಗಣಕದ ಮೆಮೊರಿಯನ್ನೂ ಕೆಲವರು ಸ್ಮೃತಿಯೆಂದೇ ಕರೆಯುವರು. ಆ ಸ್ಮೃತಿಗೂ ಸ್ವತ್ವದ ಕಟ್ಟಳೆ ಬೇಕೆಂಬುದನ್ನು ಈ ಕಾಲದ ಪಂಡಿತರು ಐವತ್ತು ವರ್ಷ ಪೆಟ್ಟು ತಿಂದು ಕಲಿತರು.

ಒಡೆತನದ ಜೊತೆಗೆ ಎರವಲಿನ ಕಟ್ಟಳೆಯೂ ಉಂಟು. ಚಿತ್ತಾಪುರದ ಹತ್ತಿರದ ನಾಗಾವಿಯ ಘಟಿಕಾಸ್ಥಾನದಲ್ಲಿ ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಹನ್ನೊಂದನೆಯ ಶತಮಾನದ ಶಾಸನವು ಹೇಳುವುದು. ಅಂತಹ ಭಂಡಾರದಲ್ಲಿ ಓಲೆಗರಿಯ ಒಂದು ಕಟ್ಟನ್ನು ಊಹಿಸಿಕೊಳ್ಳಿರಿ. ಹತ್ತು ವಿದ್ಯಾರ್ಥಿಗಳು ಏಕಕಾಲಕ್ಕೆ ಅದನ್ನು ನೋಡಿ ಓದಿದರೆ ಹಾನಿಯಿಲ್ಲ. ಒಬ್ಬನು ಕಂಠ ಹಿಡಿದು ತಿದ್ದಲು ಕುಳಿತಾಗ ಮಾತ್ರ ಉಳಿದವರು ದೂರವಿರಬೇಕು. ಇಲ್ಲವಾದರೆ ಅರೆತಿದ್ದಿದ ಪಾಠವನ್ನೇ ಶುದ್ಧಪಾಠವೆಂದು ಒಯ್ಯುವರು. ಓದುವವರು ಎಷ್ಟಾದರೂ ಇರಬಹುದು, ಅಥವಾ ತಿದ್ದುವವನೊಬ್ಬನೇ ಇರಬಹುದು. ಎರಡೂ ಕೂಡಿ ಇರಕೂಡದು. ರಸ್ಟ್ ಭಾಷೆಯ ನಿಯಮವೂ ಅಕ್ಷರಶಃ ಇದೇ.

ನಿಯಮ ಬರೆಯುವುದು ಸುಲಭ, ಪಾಲಿಸುವರಾರು ಎಂದು ಕೇಳಬಹುದು. ಈ ಭಾಷೆಯ ವೈಶಿಷ್ಟ್ಯ ಅಲ್ಲಿಯೇ ಇರುವುದು. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ, ಮದ್ರಾಸು, ಸಿಕಂದರಾಬಾದುಗಳ ಹಾದಿಗಳು ಕೂಡುವವು. ೧೮೭೪ರಲ್ಲಿ ತೆರೆದ ನಿಜಾಮರ ರೈಲುಹಾದಿಯು ಅಲ್ಲಿಂದಲೇ ಚಿತ್ತಾಪುರ ಸೇಡಮುಗಳನ್ನು ಹಾದುಹೋಗುವುದು. ಇಂತಹ ನಿಲ್ದಾಣಗಳಲ್ಲಿ ಇಂಟರ್‌ಲಾಕಿಂಗ್ ಎಂಬ ಏರ್ಪಾಡು ಉಂಟು. ಹಳಿಯ ಪಾಯಿಂಟು ಸರಿಯಾಗಿ ಕೂಡ್ರದೆ ಸಿಗ್ನಲ್ಲು ಬೀಳದು. ಎದುರುಬದುರಾಗುವ ಎರಡು ಹಾದಿಗಳನ್ನು ಒಟ್ಟಿಗೆ ತೆರೆಯಲು ಬಾರದು. ಸ್ಟೇಷನ್ ಮಾಸ್ತರರು ಎಷ್ಟೇ ದಣಿದಿರಲಿ, ತಪ್ಪು ಸನ್ನೆಯನ್ನು ಯಂತ್ರವೇ ಒಪ್ಪದು. ಅದೇ ಬಗೆಯಾಗಿ ರಸ್ಟಿನ ಕಂಪೈಲರು ಒಡೆತನದ ಕಟ್ಟಳೆ ಮುರಿದ ಬರಹವನ್ನು ಚಾಲನೆಗೆ ಮೊದಲೇ ತಿರಸ್ಕರಿಸುವುದು. ಎಷ್ಟನೆಯ ಅಂಶವನ್ನು ಓದಬೇಕೆಂಬಂತಹ, ಓಟದಲ್ಲಿ ಮಾತ್ರ ತಿಳಿಯುವ ಎಲ್ಲೆಗಳನ್ನು ಓಟದಲ್ಲಿಯೇ ಪರೀಕ್ಷಿಸುವುದು. ಜುಲೈ ೧೯ರ ಪ್ರೋಗ್ರಾಮು ರಸ್ಟಿನಲ್ಲಿದ್ದಿದ್ದರೆ ಯಾವ ಯಂತ್ರವೂ ನಿಲ್ಲುತ್ತಿರಲಿಲ್ಲವೆಂದು ಹೇಳಲಾಗದು. ೨೧ನೆಯ ಅಂಶ ಇಲ್ಲದಿದ್ದರೇನು ಗತಿಯೆಂಬುದನ್ನು ಬರೆದವರು ಯೋಚಿಸಿಯೇ ಇರಬೇಕಾಗಿತ್ತು. ಆದರೆ ಬದುವಿನಾಚೆಯ ಹೊಲವನ್ನು ಅದು ಕದ್ದು ಓದುತ್ತಿರಲಿಲ್ಲ.

ಲಿನಕ್ಸ್ ಕರ್ನೆಲಿನೊಳಕ್ಕೆ ಈ ಭಾಷೆಯನ್ನು ತರುವ ಪ್ರಸ್ತಾಪವನ್ನು ೨೦೨೧ರಲ್ಲಿ ಮಿಗೆಲ್ ಒಹೇಡಾ ಎಂಬ ಸ್ಪೇನಿನವರು ಮುಂದಿಟ್ಟರು. ೨೦೨೨ರ ಡಿಸೆಂಬರಿನಲ್ಲಿ ಹೊರಬಂದ ೬.೧ನೆಯ ಆವೃತ್ತಿಯಲ್ಲಿ ಅದಕ್ಕೆ ಪ್ರಯೋಗಾರ್ಥವಾಗಿ ಸ್ಥಳ ಸಿಕ್ಕಿತು. ಕಲಹವೂ ಹುಟ್ಟಿತು. ಹಳೆಯ ನಿರ್ವಾಹಕರ ಆಕ್ಷೇಪ ಹುರುಳಿಲ್ಲದ್ದೇನೂ ಆಗಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಭಾಷೆಗಳಾದರೆ, ಒಂದರಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಂದರಲ್ಲಿ ಹೊಂದಿಸುವರಾರು? ತಂದವರು ನಾಳೆ ಬಿಟ್ಟುಹೋದರೆ ಹೊರೆ ಯಾರ ತಲೆಯ ಮೇಲೆ? ೨೦೨೪ರ ಆಗಸ್ಟಿನಲ್ಲಿ ರಸ್ಟ್ ಪಕ್ಷದ ಪ್ರಮುಖರೊಬ್ಬರು ಬೇಸತ್ತು ಹಿಂದೆ ಸರಿದರು. ೨೦೨೫ರ ಫೆಬ್ರವರಿಯಲ್ಲಿ ವಾದವು ವಿಕೋಪಕ್ಕೆ ಹೋದಾಗ ಟೋರ್ವಾಲ್ಡ್ಸರು ತೀರ್ಪಿತ್ತರು: ಬೇಡವಾದವರು ರಸ್ಟ್ ಕಲಿಯಬೇಕಿಲ್ಲ, ಆದರೆ ಬೇಕಾದವರು ತಮ್ಮ ಭಾಗದಲ್ಲಿ ಅದನ್ನು ಬಳಸುವುದನ್ನು ತಡೆಯುವ ಅಧಿಕಾರವೂ ಅವರಿಗಿಲ್ಲ.

ನಮ್ಮ ಸೀಮೆಯವರಿಗೆ ಈ ಜಗಳ ಹೊಸದಲ್ಲ. ನಿಜಾಮರ ಆಳಿಕೆಯಲ್ಲಿ ಇಲ್ಲಿಯ ಸರಕಾರದ ಭಾಷೆ ಉರ್ದು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, ೧೯೫೬ರಲ್ಲಿ ಕಲಬುರಗಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿದಾಗ ಹಳೆಯ ದಫ್ತರಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಕನ್ನಡಕ್ಕೆ ತಿರುಗಿಸಲು ಸಾಧ್ಯವಿತ್ತೇ? ಹಳೆಯ ಕಾಗದ ಉರ್ದುವಿನಲ್ಲಿ ಉಳಿಯಿತು. ಹೊಸ ಕಾಗದ ಕನ್ನಡದಲ್ಲಿ ಹುಟ್ಟಿತು. ಎರಡನ್ನೂ ಬಲ್ಲ ಗುಮಾಸ್ತನಿಗೆ ಬೆಲೆ ಬಂದಿತು. ಕರ್ನೆಲಿನಲ್ಲಿಯೂ ನಡೆದಿರುವ ನೀತಿ ಇದೇ. ಕೋಟಿಗಟ್ಟಲೆ ಹಳೆಯ ಸಾಲುಗಳನ್ನು ಅಳಿಸಿ ಬರೆಯುವ ಹುಚ್ಚು ಯಾರಿಗೂ ಇಲ್ಲ. ಹೊಸ ಭಾಗಗಳನ್ನು ಹೊಸ ಕಟ್ಟಳೆಯಲ್ಲಿ ಬರೆಯತಕ್ಕದ್ದು.

ಈ ನೀತಿಯ ಫಲ ಅಂಕಿಗಳಲ್ಲಿ ಕಂಡಿದೆ. ಆಂಡ್ರಾಯ್ಡಿನಲ್ಲಿ ಹೊಸ ಬರಹಕ್ಕೆ ರಸ್ಟ್ ಮೊದಲಾದ ಸುರಕ್ಷಿತ ಭಾಷೆಗಳನ್ನು ಹಿಡಿದ ಮೇಲೆ, ಅದರ ಭದ್ರತಾದೋಷಗಳಲ್ಲಿ ಮೆಮೊರಿಯಿಂದ ಹುಟ್ಟಿದವುಗಳ ಪಾಲು ೨೦೧೯ರಲ್ಲಿ ಶೇಕಡಾ ೭೬ ಇದ್ದುದು ೨೦೨೪ರಲ್ಲಿ ೨೪ಕ್ಕೆ ಇಳಿಯಿತೆಂದು ಗೂಗಲ್ ಸಂಸ್ಥೆಯು ಪ್ರಕಟಿಸಿತು. ೨೦೨೫ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಕೂಡಿದ ಕರ್ನೆಲ್ ನಿರ್ವಾಹಕರು, ರಸ್ಟ್ ಇನ್ನು ಪ್ರಯೋಗವಲ್ಲ, ಕರ್ನೆಲಿನ ಸ್ಥಿರ ಅಂಗವೆಂದು ಒಪ್ಪಿದರು.

ಹೀಗೆಂದು ಇದು ಸರ್ವರೋಗನಿವಾರಿಣಿಯಲ್ಲ. ಯಂತ್ರದ ಲೋಹವನ್ನೇ ಮುಟ್ಟಬೇಕಾದ ಕಡೆ ಕಂಪೈಲರಿನ ಕಾವಲನ್ನು ಸ್ವಲ್ಪ ಸಡಿಲಿಸಬೇಕಾಗುವುದು. ಅಂತಹ ಸ್ಥಳಗಳಿಗೆ ‘ಅನ್‌ಸೇಫ್’, ಅಂದರೆ ಅಸುರಕ್ಷಿತ, ಎಂಬ ಗುರುತು ಹಾಕತಕ್ಕದ್ದೆಂಬ ಕಟ್ಟಳೆಯುಂಟು. ಅದೇ ಡಿಸೆಂಬರಿನಲ್ಲಿ ಕರ್ನೆಲಿನ ರಸ್ಟ್ ಭಾಗದಲ್ಲಿ ದಾಖಲಾದ ಮೊದಲ ಭದ್ರತಾದೋಷವು ಅಂತಹ ಗುರುತಿನ ಸ್ಥಳಕ್ಕೆ ಸಂಬಂಧಿಸಿದುದೇ ಆಗಿತ್ತು. ೨೦೨೩ರ ಜೂನ್ ೨ರಂದು ಒಡಿಶಾದ ಬಹನಗಾ ಬಜಾರ್ ನಿಲ್ದಾಣದ ಘೋರ ಅಪಘಾತವಾದುದೂ ಸಿಗ್ನಲ್ ಸರ್ಕ್ಯೂಟನ್ನು ಬದಲಿಸಿದ ಕೆಲಸದ ಲೋಪದಿಂದಲೇ ಎಂದು ತನಿಖೆ ಹೇಳಿತು. ಕಾವಲನ್ನು ಬಿಚ್ಚಿದ ಕಡೆ ಕಣ್ಣು ಇಮ್ಮಡಿಯಾಗಿರಬೇಕು. ಗುರುತು ಹಾಕಿದ ಹತ್ತು ಸ್ಥಳಗಳನ್ನು ಕಾಯುವುದು ಸಾಧ್ಯ. ಗುರುತಿಲ್ಲದ ಮೂರು ಕೋಟಿ ಸಾಲುಗಳನ್ನು ಕಾಯುವುದು ಅಸಾಧ್ಯ. ಇಷ್ಟೇ ಲಾಭ, ಮತ್ತು ಇದು ಸಣ್ಣ ಲಾಭವಲ್ಲ.

ಈಗ ನಮ್ಮ ಕರ್ತವ್ಯದ ಮಾತು. ಸ್ವದೇಶಿ ಗಣಕವ್ಯವಸ್ಥೆಯ ಹೆಸರಿನಲ್ಲಿ ಸಿ-ಡ್ಯಾಕ್ ಸಂಸ್ಥೆಯು ೨೦೦೭ರಿಂದ ಬಾಸ್ ಎಂಬುದನ್ನು ಹೊರತಂದಿತು. ೨೦೨೩ರಲ್ಲಿ ರಕ್ಷಣಾ ಮಂತ್ರಾಲಯವು ಮಾಯಾ ಎಂಬುದನ್ನು ಕೈಗೊಂಡಿತು. ಪ್ರಯತ್ನ ಶ್ಲಾಘ್ಯ. ಆದರೆ ಎರಡರ ಬುನಾದಿಯೂ ಅದೇ ಲಿನಕ್ಸ್ ಕರ್ನೆಲ್. ಅನ್ಯರು ಕಟ್ಟಿದ ಮನೆಗೆ ನಮ್ಮ ಬಣ್ಣ ಬಳಿದ ಮಾತ್ರಕ್ಕೆ ಸ್ವದೇಶಿ ಪೂರ್ಣವಾಗದು. ಬುನಾದಿಯ ಬಿರುಕನ್ನು ಕಂಡು ಮುಚ್ಚಬಲ್ಲ ಕೈಗಳು ನಮ್ಮಲ್ಲಿರಬೇಕು. ಸಂತೋಷದ ಸಂಗತಿಯೆಂದರೆ ಆ ಬುನಾದಿಯ ಪ್ರತಿ ಸಾಲೂ ಬಯಲಿನಲ್ಲಿದೆ. ತಿದ್ದುಪಡಿ ಕಳುಹಿಸಲು ಶಿಫಾರಸು ಬೇಕಿಲ್ಲ, ಜಾತಿ ಊರು ಕೇಳುವವರಿಲ್ಲ. ಬರಹ ನೆಟ್ಟಗಿದ್ದರೆ ಸಾಕು.

ಆದುದರಿಂದ ಸರಕಾರವು ಯಂತ್ರಗಳನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ, ಅವುಗಳ ಒಳಬರಹ ಯಾವ ಭಾಷೆಯದು, ಬಿರುಕು ಕಂಡರೆ ಎಷ್ಟು ದಿವಸಗಳಲ್ಲಿ ಮುಚ್ಚುವಿರಿ ಎಂದು ಮಾರುವವರನ್ನು ಕೇಳುವ ವಾಡಿಕೆ ಮಾಡಲಿ. ೧೯೫೮ರಿಂದ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕಾಲೇಜುಂಟು. ನಮ್ಮ ತಾಲೂಕುಗಳ ಮಕ್ಕಳು ಅಲ್ಲಿ ಓದುತ್ತ ಬಂದಿರುವರು. ಅವರಿಗೆ ಪರೀಕ್ಷೆಗಾಗಿ ಸಿ ಭಾಷೆಯ ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಬಿಡದೆ, ಒಡೆತನದ ಈ ಶಿಸ್ತನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವ ಗುರುಗಳು ಮುಂದೆ ಬರಲಿ. ಬದು, ಪಹಣಿ, ಎರವಲು, ಖುಲ್ಲಾ ಎಂಬ ಮಾತುಗಳಲ್ಲಿ ಹೇಳಿದರೆ ಒಕ್ಕಲಿಗರ ಮಗನಿಗೆ ಅರ್ಥವಾಗದ ಅಂಶ ಇದರಲ್ಲಿ ಏನೂ ಇಲ್ಲ. ತನ್ನ ಹೊಲದ ಬದುವನ್ನು ಅವನ ಮನೆತನವು ತಲೆಮಾರುಗಳಿಂದ ಕಾಯ್ದಿದೆ. ಆ ಹೊಲದ ದಾಖಲೆಯನ್ನು ಇಂದು ಹೊತ್ತು ನಿಂತಿರುವ ಯಂತ್ರದ ಬದುವನ್ನು ಕಾಯುವ ವಿದ್ಯೆಯೂ ಅವನ ಕೈಗೆ ಬರಲೆಂದು ನಾವು ಹಾರೈಸುತ್ತೇವೆ.